‘ಕಸ ಆಯುವವರ ಬೇಟೆ’ ಎಂಬ ಹೆಸರಿನ ಕಾಸು ಹುಡುಕುವ ಆಟ

ಮಕ್ಕಳಿಗೆ ಹಣ ಎಣಿಸಲು ಕಲಿಸಲೆಂದು ತರಿಸಿದ ಆಟದ ಕಿಟ್‌ನ ಪೆಟ್ಟಿಗೆಯ ಮೇಲೆ ದಪ್ಪ ಕನ್ನಡ ಅಕ್ಷರಗಳಲ್ಲಿ ಹೀಗೆ ಅಚ್ಚಾಗಿತ್ತು: ‘ತರಗತಿಗಾಗಿ ಹಣ ಎಣಿಸುವ ಕಸ ಆಯುವವರ ಬೇಟೆ’. ನಮ್ಮ ಮುಖ್ಯೋಪಾಧ್ಯಾಯರು ಅದನ್ನು ಓದಿ, ಕನ್ನಡಕ ತೆಗೆದು ಒರೆಸಿ, ಮತ್ತೊಮ್ಮೆ ಓದಿದರು. ‘ಏನಿದು ಮೇಡಂ, ಸ್ವಚ್ಛತಾ ಕಾರ್ಯಕ್ರಮದ ಸಾಮಾನೇ?’ ಎಂದು ಕೇಳಿದರು. ಅಲ್ಲ ಸರ್, ಗಣಿತದ್ದು ಎಂದೆ. ಅವರು ಮುಂದೆ ಏನೂ ಕೇಳಲಿಲ್ಲ.

ಇಂಗ್ಲಿಷಿನಲ್ಲಿ ‘ಸ್ಕ್ಯಾವೆಂಜರ್ ಹಂಟ್’ ಎಂದರೆ ಅಲ್ಲಲ್ಲಿ ಬಚ್ಚಿಟ್ಟ ವಸ್ತುಗಳನ್ನೋ ಸುಳಿವುಗಳನ್ನೋ ಹುಡುಕಿಕೊಂಡು ಓಡಾಡುವ ಆಟ. ತಯಾರಕರು ‘ಸ್ಕ್ಯಾವೆಂಜರ್’ಗೆ ಪದಕೋಶದಲ್ಲಿ ಮೊದಲು ಸಿಕ್ಕ ಅರ್ಥವನ್ನು ಎತ್ತಿ ಅಂಟಿಸಿದ್ದಾರೆ. ನಮ್ಮ ಊರಿನಲ್ಲಿ ಕಸ ಆಯ್ದು ಬದುಕುವವರ ಮಕ್ಕಳೂ ಶಾಲೆಗೆ ಬರುತ್ತಾರೆ. ಆ ಹೆಸರನ್ನು ಅವರ ಮುಂದೆ ಹಿಡಿಯಲು ನನಗೆ ಮನಸ್ಸಾಗಲಿಲ್ಲ. ಬಿಳಿ ಹಾಳೆ ಅಂಟಿಸಿ ‘ಹಣದ ಹುಡುಕಾಟ’ ಎಂದು ಬರೆದೆ. ಮಕ್ಕಳು ಅದನ್ನೂ ಒಪ್ಪಲಿಲ್ಲ, ‘ಕಾಸು ಹುಡುಕುವ ಆಟ’ ಎಂದು ತಾವೇ ಹೆಸರಿಟ್ಟುಕೊಂಡರು. ಆ ಹೆಸರೇ ಉಳಿಯಿತು.

ನಾನು ಬ್ಯಾಡಗಿ ಕಡೆಯ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಮೂರನೆಯ ತರಗತಿಗೆ ಪಾಠ ಮಾಡುತ್ತೇನೆ. ಮಕ್ಕಳು ಇಪ್ಪತ್ಮೂರು ಮಂದಿ. ಹಣದ ಪಾಠ ಪ್ರತಿ ವರ್ಷ ಬರುತ್ತದೆ, ಪ್ರತಿ ವರ್ಷವೂ ನಾನು ಕಪ್ಪುಹಲಗೆಯ ಮೇಲೆ ದುಂಡಗೆ ಸೊನ್ನೆ ಬರೆದು ಅದರೊಳಗೆ 5 ಎಂದು ಬರೆದು ‘ಇದು ಐದು ರೂಪಾಯಿ’ ಎನ್ನುತ್ತಿದ್ದೆ. ಮಕ್ಕಳು ಒಪ್ಪುತ್ತಿದ್ದರು, ಪಾಪ. ಆದರೆ ಎರಡು ಮೂರು ವರ್ಷಗಳಿಂದ ಒಂದು ವಿಷಯ ನನ್ನನ್ನು ಕಾಡುತ್ತಿದೆ. ಮಕ್ಕಳ ಕಣ್ಣೆದುರು ನಾಣ್ಯ ಓಡಾಡುವುದೇ ಕಡಿಮೆಯಾಗಿದೆ. ಅಂಗಡಿಗೆ ಹೋದರೆ ಅಪ್ಪ ಮೊಬೈಲ್ ಎತ್ತಿ ಚೌಕಟ್ಟಿನ ಚಿತ್ರಕ್ಕೆ ಹಿಡಿಯುತ್ತಾರೆ, ‘ಟಿಣ್’ ಎನ್ನುತ್ತದೆ, ಸಾಮಾನು ಕೈಗೆ ಬರುತ್ತದೆ. ಎಷ್ಟು ಕೊಟ್ಟೆವು, ಎಷ್ಟು ಉಳಿಯಿತು, ಯಾರಿಗೂ ಎಣಿಸುವ ಕೆಲಸವಿಲ್ಲ. ಕಳೆದ ವರ್ಷ ಒಬ್ಬ ಹುಡುಗನಿಗೆ ಹತ್ತು ರೂಪಾಯಿಯ ನಾಣ್ಯ ತೋರಿಸಿ ಇದೇನು ಎಂದರೆ ‘ಪದಕ’ ಎಂದ. ಹೊರಗೆ ಹಳದಿ, ಒಳಗೆ ಬಿಳಿ; ಅವನ ಊಹೆಯನ್ನು ತಪ್ಪು ಎನ್ನಲು ನನಗೇ ಬಾಯಿ ಬರಲಿಲ್ಲ.

ಹಾಗಾಗಿ ಸ್ವಂತ ದುಡ್ಡಿನಿಂದ, 449 ರೂಪಾಯಿ ಕೊಟ್ಟು, ಆನ್‌ಲೈನ್‌ನಲ್ಲಿ ಈ ಕಿಟ್ ತರಿಸಿದೆ. ತಯಾರಕರ ಹೆಸರು ಬರೆಯುವುದಿಲ್ಲ. ಈ ಜಾತಿಯ ಕಿಟ್‌ಗಳು ಹತ್ತಾರು ಇವೆ, ಒಂದರ ಗುಣದೋಷ ಇನ್ನೊಂದಕ್ಕೂ ಹೆಚ್ಚು ಕಡಿಮೆ ಹೊಂದುತ್ತದೆ.

ಒಳಗೆ ಇದ್ದದ್ದು: ಅಂಗೈಯಗಲದ ಇಪ್ಪತ್ತನಾಲ್ಕು ಕಾರ್ಡುಗಳು, ಮೂವತ್ತು ಉತ್ತರ ಹಾಳೆಗಳು, ಒಂದು ಚೀಲದ ತುಂಬ ಪ್ಲಾಸ್ಟಿಕ್ ನಾಣ್ಯ, ಒಂದು ಕಟ್ಟು ಆಟಿಕೆ ನೋಟು, ಶಿಕ್ಷಕರಿಗೆ ನಾಲ್ಕು ಪುಟದ ಕೈಪಿಡಿ. ನೋಟುಗಳ ಮೇಲೆ ‘ಚಿಲ್ಡ್ರನ್ ಬ್ಯಾಂಕ್ ಆಫ್ ಇಂಡಿಯಾ’ ಎಂದಿದೆ. ಕಟ್ಟಿನಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಇದ್ದದ್ದು ಎರಡು ಸಾವಿರದ ಗುಲಾಬಿ ನೋಟು! ರಿಸರ್ವ್ ಬ್ಯಾಂಕ್ ಅದನ್ನು ಚಲಾವಣೆಯಿಂದ ಹಿಂದಕ್ಕೆ ಪಡೆಯುವುದಾಗಿ 2023ರ ಮೇ ತಿಂಗಳಲ್ಲೇ ಹೇಳಿತು. ಎಂಟು ವರ್ಷದ ಮಗು ಸಂತೆಗೆ ಒಯ್ಯುವುದು ಇಪ್ಪತ್ತೋ ಐವತ್ತೋ ರೂಪಾಯಿ. ಇಪ್ಪತ್ತರ ನೋಟು ಮಾತ್ರ ಕಟ್ಟಿನಲ್ಲಿ ಮೂರೇ ಮೂರು.

ಆಟದ ಹೂರಣ ಕಾರ್ಡುಗಳಲ್ಲಿದೆ, ಅದು ನಿಜಕ್ಕೂ ಜಾಣತನದ್ದು. ಪ್ರತಿ ಕಾರ್ಡಿನ ಮೂಲೆಯಲ್ಲಿ ಒಂದು ಪ್ರಾಣಿಯ ಚಿತ್ರ. ಮೇಲ್ಭಾಗದಲ್ಲಿ ದೊಡ್ಡದಾಗಿ ಒಂದು ಮೊತ್ತ. ಕೆಳಗೆ ನಾಣ್ಯ, ನೋಟುಗಳ ಚಿತ್ರ. ಮಗು ಕೆಳಗಿನ ಚಿತ್ರದ ಹಣವನ್ನು ಎಣಿಸಬೇಕು. ಎಷ್ಟು ಬಂತೋ ಆ ಮೊತ್ತ ಮೇಲ್ಭಾಗದಲ್ಲಿ ಇರುವ ಕಾರ್ಡು ಎಲ್ಲಿದೆ ಎಂದು ಹುಡುಕಿ ಹೋಗಬೇಕು. ಅಲ್ಲಿ ಮತ್ತೆ ಕೆಳಗೆ ಹೊಸ ಚಿತ್ರ, ಹೊಸ ಎಣಿಕೆ, ಮತ್ತೆ ಹುಡುಕಾಟ. ಹೀಗೆ ಇಪ್ಪತ್ತನಾಲ್ಕು ಕಾರ್ಡು ಸುತ್ತಿದರೆ ಹೊರಟ ಪ್ರಾಣಿಯ ಹತ್ತಿರವೇ ಬಂದು ನಿಲ್ಲುತ್ತದೆ. ಹೂವಿನ ಸರದ ಎರಡು ತುದಿ ಸೇರಿಸಿ ಗಂಟು ಹಾಕಿದ ಹಾಗೆ. ಎಲ್ಲರೂ ಒಂದೇ ಕಾರ್ಡಿನಿಂದ ಹೊರಡಬೇಕಿಲ್ಲ, ಹಾಗಾಗಿ ನೂಕುನುಗ್ಗಲಿಲ್ಲ. ಒಬ್ಬರ ಉತ್ತರವನ್ನು ಇನ್ನೊಬ್ಬರು ನಕಲು ಮಾಡಿದರೂ ಪ್ರಯೋಜನವಿಲ್ಲ, ಅವರು ಇರುವ ಜಾಗವೇ ಬೇರೆ.

ಎಲ್ಲಕ್ಕಿಂತ ಮುಖ್ಯ, ತಪ್ಪು ಎಣಿಸಿದರೆ ಆ ಮೊತ್ತದ ಕಾರ್ಡು ಎಲ್ಲಿಯೂ ಸಿಗುವುದಿಲ್ಲ. ಎರಡು ಐದರ ನಾಣ್ಯ, ಒಂದು ಎರಡರ ನಾಣ್ಯ ಇರುವ ಚಿತ್ರ ನೋಡಿ ‘ಮೂರು’ ಎನ್ನುವ ಮಕ್ಕಳು ಪ್ರತಿ ವರ್ಷ ಇರುತ್ತಾರೆ. ನಾಣ್ಯಗಳ ಸಂಖ್ಯೆ ಎಣಿಸುತ್ತಾರೆ, ಬೆಲೆಯನ್ನಲ್ಲ. ತರಗತಿಯಲ್ಲಾದರೆ ಅದನ್ನು ನಾನು ಕೆಂಪು ಶಾಯಿಯಲ್ಲಿ ಹೇಳಬೇಕು. ಇಲ್ಲಿ ಆ ಮಗು 3ನ್ನು ಹುಡುಕಿಕೊಂಡು ಶಾಲೆಯ ಆವರಣವನ್ನೆಲ್ಲ ಸುತ್ತಿ, ಎಲ್ಲಿಯೂ ಕಾಣದೆ, ತಾನಾಗಿಯೇ ಮರಳಿ ಬಂದು ಮತ್ತೆ ಎಣಿಸುತ್ತದೆ. ತಪ್ಪಿಗೆ ಬೈಯುವವರು ಯಾರೂ ಇಲ್ಲ, ಕಾಲು ನೋವು ಅಷ್ಟೆ.

ಹೊಗಳಿಕೆ ಆಯಿತು. ಇನ್ನು ನಮ್ಮ ಶಾಲೆಯಲ್ಲಿ ಏನಾಯಿತು ಎಂದು ಹೇಳುತ್ತೇನೆ.

ಕಾರ್ಡುಗಳು ಬರಿಯ ದಪ್ಪ ಕಾಗದದವು. ಇಪ್ಪತ್ಮೂರು ಮಕ್ಕಳ ಬೆವರಿದ ಬೆರಳಿಗೆ ಒಂದು ದಿನವೂ ತಾಳುವಂಥವಲ್ಲ. ಪೇಟೆಯಲ್ಲಿ ಲ್ಯಾಮಿನೇಷನ್ ಮಾಡಿಸಿದೆ. ಕಾರ್ಡಿಗೆ ಹದಿನೈದು ರೂಪಾಯಿಯಂತೆ 360 ಆಯಿತು. ಮೂಗಿಗಿಂತ ಮೂಗುತಿ ಭಾರ ಆಗುವುದಕ್ಕೆ ಇನ್ನು ಸ್ವಲ್ಪವೇ ಬಾಕಿ. ತಯಾರಕರು ನೂರು ರೂಪಾಯಿ ಹೆಚ್ಚು ತೆಗೆದುಕೊಂಡು ತಾವೇ ಪ್ಲಾಸ್ಟಿಕ್ ಹೊದಿಸಿ ಕೊಟ್ಟಿದ್ದರೆ ಸಂತೋಷದಿಂದ ಕೊಡುತ್ತಿದ್ದೆ. ಮೊದಲು ಗೋಡೆಗೆ ಅಂಟುಪಟ್ಟಿ ಹಾಕಿ ನೋಡಿದೆ, ಈ ಬೇಸಿಗೆಯಲ್ಲಷ್ಟೇ ಬಳಿದ ಬಣ್ಣ ಅಂಗೈಯಷ್ಟು ಕಿತ್ತು ಬಂತು. ಮುಖ್ಯೋಪಾಧ್ಯಾಯರು ಆ ಜಾಗವನ್ನು ದಿನಕ್ಕೆರಡು ಸಲ ನೋಡಿ ನಿಟ್ಟುಸಿರು ಬಿಡುತ್ತಾರೆ. ಕೊನೆಗೆ ದಾರ ಪೋಣಿಸಿ ಕಿಟಕಿಯ ಸರಳಿಗೆ, ಬೇವಿನ ಮರಕ್ಕೆ, ನೀರಿನ ಟ್ಯಾಂಕಿನ ನಲ್ಲಿಗೆ, ಬಿಸಿಯೂಟದ ಕೋಣೆಯ ಬಾಗಿಲ ಚಿಲಕಕ್ಕೆ ಕಟ್ಟಿದೆ. ಧ್ವಜಕಟ್ಟೆಯ ಮೆಟ್ಟಿಲ ಮೇಲೆ ಒಂದು ಕಾರ್ಡನ್ನು ಕಲ್ಲು ಹೇರಿ ಇಟ್ಟೆ.

ಮಕ್ಕಳನ್ನು ಇಬ್ಬಿಬ್ಬರಾಗಿ ಜೋಡಿ ಮಾಡಿದೆ. ಹತ್ತು ಜೋಡಿ, ಉಳಿದ ಮೂವರದೊಂದು ಗುಂಪು. ಚೆನ್ನಾಗಿ ಓದುವವರ ಜೊತೆ ಅಷ್ಟಾಗಿ ಓದದವರನ್ನು ಕೂಡಿಸುವುದು ನನ್ನ ರೂಢಿ. ಈ ಸಲ ಆ ಲೆಕ್ಕ ತಲೆಕೆಳಗಾಯಿತು. ಪಾಠವನ್ನು ಗಟಗಟನೆ ಓದುವ ಹುಡುಗಿ ಹತ್ತು, ಹತ್ತು, ಐದು, ಎರಡು, ಎರಡು ಎಂದಿರುವ ಚಿತ್ರದ ಮುಂದೆ ನಿಂತು ಬೆರಳು ಮಡಿಸುತ್ತಿದ್ದಳು. ಅವಳ ಜೋಡಿ, ಬಸ್ ನಿಲ್ದಾಣದಲ್ಲಿ ಮಿರ್ಚಿ ಗಾಡಿ ಇಟ್ಟವರ ಮಗ, ಕಾಗುಣಿತದಲ್ಲಿ ಈಗಲೂ ಎಡವುವವನು, ಚಿತ್ರವನ್ನು ಒಂದು ಸಲ ನೋಡಿ ‘ಇಪ್ಪತ್ತೊಂಬತ್ತು’ ಎಂದು ಹೇಳಿ ಓಡಿಯೇಬಿಟ್ಟ. ಹೇಗೆ ಎಣಿಸಿದೆ ಎಂದು ಆಮೇಲೆ ಕೇಳಿದೆ. ‘ದೊಡ್ಡದು ಮೊದಲು ತೆಗೆದುಕೊಳ್ಳಬೇಕು ಅಕ್ಕೋರೇ. ಚಿಲ್ಲರೆ ಕೊನೆಗೆ’ ಎಂದ. ಕೈಪಿಡಿಯ ಎರಡನೆಯ ಪುಟದಲ್ಲಿ ಅರ್ಧ ಪುಟದಷ್ಟು ಬರೆದು ವಿವರಿಸಿದ ಉಪಾಯ ಅದೇ. ಇನ್ನೊಬ್ಬ ಹುಡುಗಿಯ ತಾಯಿ ಹಂಗಾಮಿನಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸಲು ಹೋಗುತ್ತಾರೆ, ಕಿಲೋ ಲೆಕ್ಕದಲ್ಲಿ ಕೂಲಿ. ಸಂಜೆ ತಾಯಿ ತಂದ ದುಡ್ಡನ್ನು ಎಣಿಸಿ ಡಬ್ಬಿಗೆ ಹಾಕುವ ಕೆಲಸ ಅವಳದೇ ಅಂತೆ. ಅವಳೂ ಹಾಗೆಯೇ, ಬೆರಳು ಮಡಿಸುವುದಿಲ್ಲ. ಆ ಹುಡುಗ ತರಗತಿಯಲ್ಲಿ ಮುಂದೆ ಬಂದು ನಿಂತು ಬೇರೆಯವರಿಗೆ ಹೇಳಿಕೊಟ್ಟದ್ದನ್ನು ನಾನು ಅವತ್ತೇ ಮೊದಲು ಕಂಡದ್ದು. 449 ರೂಪಾಯಿ ಅಲ್ಲಿಗೇ ವಸೂಲಾಯಿತು ಎಂದುಕೊಂಡೆ.

ಆಟ ಶುರುವಾಗಿ ಹತ್ತು ನಿಮಿಷ ಆಗಿತ್ತೋ ಇಲ್ಲವೋ, ಒಂದು ಜೋಡಿ ‘ಮುಗಿಯಿತು!’ ಎಂದು ಕೂಗಿಕೊಂಡು ಬಂತು. ಅದರ ಹಿಂದೆಯೇ ಇನ್ನೆರಡು. ಇಷ್ಟು ಬೇಗ ಇಪ್ಪತ್ತನಾಲ್ಕು ಕಾರ್ಡೇ ಎಂದು ಹಾಳೆ ನೋಡಿದರೆ ಮೂರರಲ್ಲೂ ಎಂಟೆಂಟೇ ಪ್ರಾಣಿಗಳ ಹೆಸರು. ಆದರೆ ಹೊರಟಲ್ಲಿಗೇ ಬಂದು ನಿಂತಿದ್ದಾರೆ, ಎಣಿಕೆಯೂ ಸರಿ. ನನಗೆ ಏನೂ ಹೊಳೆಯಲಿಲ್ಲ. ಇನ್ನೊಂದು ಸಲ ಸುತ್ತಿ ಬನ್ನಿ ಎಂದು ಕಳುಹಿಸಿದೆ (ಇದು ಶಿಕ್ಷಕರ ಹಳೆಯ ಉಪಾಯ, ನಮಗೆ ಗೊತ್ತಾಗದಿದ್ದಾಗ ಮಕ್ಕಳನ್ನು ಓಡಿಸುವುದು). ಅರ್ಧ ಗಂಟೆ ಆಗುವಷ್ಟರಲ್ಲಿ ಹನ್ನೊಂದರಲ್ಲಿ ಹತ್ತು ಗುಂಪುಗಳು ಧ್ವಜಕಟ್ಟೆಯಿಂದ ಬಿಸಿಯೂಟದ ಕೋಣೆಯವರೆಗಿನ ಅದೇ ಎಂಟು ಕಾರ್ಡುಗಳ ಸುತ್ತ ಸುಳಿಯಲ್ಲಿ ಸಿಕ್ಕ ಎಲೆಗಳಂತೆ ತಿರುಗುತ್ತಿದ್ದವು. ಬೇವಿನ ಮರದ ಕಡೆ ಒಂದು ನರಪಿಳ್ಳೆಯೂ ಇಲ್ಲ. ಜಿಂಕೆಯ ಕಾರ್ಡಿನ ಮುಂದೆ ಜಾತ್ರೆ. ಅಡುಗೆಯವರು ಸೌಟು ಹಿಡಿದೇ ಬಾಗಿಲಿಗೆ ಬಂದು ‘ಇನ್ನೂ ಬೇಳೆ ಬೆಂದಿಲ್ಲ, ಈಗಲೇ ಏಕೆ ಸಾಲು ನಿಂತಿರಿ?’ ಎಂದು ಗದರಿದರು.

ಒಂದು ಜೋಡಿ ಮಾತ್ರ ಸುಳಿಯಿಂದ ಹೊರಗೆ ನಿಂತಿತ್ತು. ತೊಟ್ಟು ಬಿಡಿಸುವ ತಾಯಿಯ ಮಗಳು, ಅವಳ ಗೆಳತಿ. ಅವರು ಹೊರಟದ್ದು ನೀರಿನ ಟ್ಯಾಂಕಿಗೆ ಕಟ್ಟಿದ್ದ ಮೊಲದ ಕಾರ್ಡಿನಿಂದ. ಹಾಳೆಯಲ್ಲಿ ಇಪ್ಪತ್ತನಾಲ್ಕೂ ಪ್ರಾಣಿ ಬರೆದು ಮುಗಿಸಿದ್ದರು, ಕೊನೆಯದು ನವಿಲು. ನವಿಲಿನಿಂದ ಮೊಲಕ್ಕೆ ಬರಬೇಕಿತ್ತು. ಬರಲಾಗಲಿಲ್ಲ, ಲೆಕ್ಕ ಮತ್ತೆ 37 ಎಂದಿರುವ ಜಿಂಕೆಯ ಕಡೆಗೇ ಕಳುಹಿಸುತ್ತಿತ್ತು. ಹುಡುಗಿ ಬಂದು ನನ್ನ ಸೆರಗು ಜಗ್ಗಿದಳು.

‘ಅಕ್ಕೋರೇ, ಮೊಲದ ಮೇಲೆ 36 ಇದೆ. 36 ಬರುವ ಲೆಕ್ಕ ಯಾವ ಕಾರ್ಡಿನಲ್ಲಿಯೂ ಇಲ್ಲ.’

‘ಎಲ್ಲ ನೋಡಿದೆಯಾ?’

‘ಇಪ್ಪತ್ತನಾಲ್ಕೂ ನೋಡಿದೆ. 37 ಮಾತ್ರ ಎರಡು ಸಲ ಬರುತ್ತದೆ. ಮೊಲದ ಹತ್ತಿರ ಯಾರೂ ಬರುವುದೇ ಇಲ್ಲ.’

ಕೈಪಿಡಿಯ ಹಿಂಬದಿಯ ಉತ್ತರಪಟ್ಟಿ ತೆರೆದೆ. ಆಮೆ: 37. ನವಿಲು: 36. ಇಬ್ಬರೂ ಹೋಗಿ ನವಿಲಿನ ಕಾರ್ಡನ್ನು ನೋಡಿದೆವು. ಮೂರು ಹತ್ತು, ಒಂದು ಐದು, ಒಂದು, ಮತ್ತೂ ಒಂದು. ಮೂವತ್ತೇಳು. ನಾನು ಮತ್ತೊಮ್ಮೆ ಎಣಿಸಿದೆ. ಅಚ್ಚಾದ ಉತ್ತರಪಟ್ಟಿಯ ಮೇಲೆ ನನಗಿದ್ದ ನಂಬಿಕೆ ಎಷ್ಟೆಂದರೆ ಮೂರನೆಯ ಸಲವೂ ಎಣಿಸಿದೆ. ಹುಡುಗಿ ಸುಮ್ಮನೆ ಕಾಯುತ್ತಿದ್ದಳು. ಆಮೆಯ ಕಾರ್ಡಿನಲ್ಲಿ ಇಪ್ಪತ್ತು, ಹತ್ತು, ಐದು, ಎರಡು, ಅದೂ ಮೂವತ್ತೇಳೇ. ಚಿತ್ರ ಬರೆದವರು ನವಿಲಿಗೆ ಒಂದು ರೂಪಾಯಿಯ ನಾಣ್ಯವನ್ನು ಹೆಚ್ಚು ಅಂಟಿಸಿಬಿಟ್ಟಿದ್ದರು. ಆ ಒಂದು ರೂಪಾಯಿಯಿಂದ ಇಡೀ ಸರ ನಡುವೆ ಗಂಟಾಗಿ, ಒಳಗಿದ್ದವರು ಎಂಟು ಕಾರ್ಡಿಗೇ ಗೆದ್ದರು, ಹೊರಗಿದ್ದವರು ಎಷ್ಟು ತಿರುಗಿದರೂ ಮನೆ ಸೇರಲಿಲ್ಲ.

‘ಒಂದು ರೂಪಾಯಿ ಮುಚ್ಚಿಬಿಡೋಣವೇ ಅಕ್ಕೋರೇ?’ ಎಂದಳು. ಪುಸ್ತಕಕ್ಕೆ ಅಂಟಿಸುವ ಹೆಸರಿನ ಚೀಟಿಯಿಂದ ಒಂದು ಚೂರು ಕತ್ತರಿಸಿ ಅವಳೇ ನಾಣ್ಯದ ಮೇಲೆ ಅಂಟಿಸಿದಳು. ನಂತರ ಎಲ್ಲರನ್ನೂ ಕರೆದು, ಏನಾಗಿತ್ತು ಎಂದು ಅವಳ ಬಾಯಿಂದಲೇ ಹೇಳಿಸಿದೆ. ಅಚ್ಚಾದ ಪುಸ್ತಕದಲ್ಲಿಯೂ ತಪ್ಪಿರಬಹುದು ಎಂಬುದನ್ನು ನಮ್ಮ ಮಕ್ಕಳು ಬಾಯಿ ತೆರೆದು ಕೇಳಿದರು. ಮಿರ್ಚಿ ಗಾಡಿಯ ಹುಡುಗನಿಗೆ ಅದರಲ್ಲಿ ಅಚ್ಚರಿ ಕಾಣಲಿಲ್ಲ. ‘ಒಂದು ರೂಪಾಯಿ ಹೆಚ್ಚು ಕೊಟ್ಟರೆ ಅಪ್ಪ ಹೀಗೆಯೇ ಹುಡುಕುತ್ತಾನೆ, ರಾತ್ರಿಯವರೆಗೂ’ ಎಂದ.

ನನ್ನ ತಪ್ಪೂ ಇದೆ, ಒಪ್ಪಿಕೊಳ್ಳುತ್ತೇನೆ. ಮಕ್ಕಳಿಗೆ ಕೊಡುವ ಮೊದಲು ಇಡೀ ಸರವನ್ನು ನಾನೊಮ್ಮೆ ಸುತ್ತಿ ನೋಡಬೇಕಿತ್ತು. ಐದಾರು ಕಾರ್ಡು ನೋಡಿ, ಸರಿಯಾಗಿದೆ ಎಂದು ಕೈಬಿಟ್ಟಿದ್ದೆ. ಇಂಥ ಕಿಟ್ ಕೊಳ್ಳುವ ಶಿಕ್ಷಕರು ಒಂದು ಸಂಜೆ ಕೂತು, ಎಲ್ಲ ಉತ್ತರಗಳನ್ನೂ ಒಂದು ಹಾಳೆಯಲ್ಲಿ ಸಾಲಾಗಿ ಬರೆದುಕೊಳ್ಳಿ. ಒಂದೇ ಮೊತ್ತ ಎರಡು ಸಲ ಬಂದಿದ್ದರೆ ಅಲ್ಲೇ ಗಂಟಿದೆ ಎಂದು ತಿಳಿಯಿರಿ.

ಪ್ಲಾಸ್ಟಿಕ್ ನಾಣ್ಯಗಳ ವಿಷಯದಲ್ಲಿ ಮಾತ್ರ ನನಗೆ ಕ್ಷಮೆ ಇಲ್ಲ. ಒಂದು, ಎರಡು, ಐದು, ಹತ್ತು, ಎಲ್ಲವೂ ಒಂದೇ ಅಳತೆ, ಒಂದೇ ಬೂದುಬಣ್ಣ. ಅಂಕಿ ಓದಿದರಷ್ಟೇ ಗುರುತು. ಆದರೆ ನಾಣ್ಯವನ್ನು ಯಾರಾದರೂ ಓದಿ ಗುರುತಿಸುತ್ತಾರೆಯೇ? ಜೇಬಿನಲ್ಲಿ ಕೈ ಹಾಕಿದರೆ ಬೆರಳಿಗೇ ತಿಳಿಯಬೇಕು. ಮರುದಿನ ನನ್ನ ಪರ್ಸಿನಲ್ಲಿದ್ದ ನಿಜವಾದ ನಾಣ್ಯಗಳನ್ನು ಮೇಜಿನ ಮೇಲೆ ಸುರಿದು, ಅಳತೆಪಟ್ಟಿ ಕೊಟ್ಟು ಮಕ್ಕಳಿಂದಲೇ ಅಳೆಸಿದೆ. 2011ರ ಮಾದರಿಯ ಎರಡು ರೂಪಾಯಿ 25 ಮಿಲಿಮೀಟರ್ ಅಗಲ, ಅದೇ ಮಾದರಿಯ ಹಳದಿ ಐದು ರೂಪಾಯಿ 23. ಬೆಲೆ ಹೆಚ್ಚಿದ್ದು ಚಿಕ್ಕದು! 2019ರ ಹೊಸ ಮಾದರಿಯಲ್ಲಿ ಇದು ಅದಲು ಬದಲು: ಎರಡು 23, ಐದು 25. ಎರಡೂ ಮಾದರಿ ಸಂತೆಯಲ್ಲಿ ಬೆರೆತು ಓಡಾಡುತ್ತಿವೆ. ಹಾಗಾಗಿ ಗಾತ್ರವನ್ನು ನಂಬಿದರೆ ಕೆಟ್ಟೆವು. ಬಣ್ಣ, ಅಂಚು, ತೂಕ ಮೂರನ್ನೂ ಕೂಡಿಸಿ ನೋಡಬೇಕು. ಇಪ್ಪತ್ತು ರೂಪಾಯಿಯ ನಾಣ್ಯ ಒಂದೇ ಇತ್ತು. ಹನ್ನೆರಡು ಮೂಲೆ ಎಂದು ಬೆರಳಾಡಿಸಿ ಎಣಿಸಲು ಸಾಲು ಹಚ್ಚಿದರು. ಕಿಟ್‌ನಲ್ಲಿ ಅದರ ಸುಳಿವೇ ಇಲ್ಲ. 2007ರಲ್ಲಿ ಬಂದ, ಹೆಬ್ಬೆರಳು ಎತ್ತಿದ ಒಂದು ರೂಪಾಯಿ, ಎರಡು ಬೆರಳು ತೋರಿಸುವ ಎರಡು ರೂಪಾಯಿ ಸಿಕ್ಕಾಗ ಮಕ್ಕಳಿಗೆ ಹಬ್ಬ. ಅಕ್ಷರ ಬಾರದವರೂ ಎಣಿಸಬಹುದಾದ ನಾಣ್ಯ ಅದು. ಆಟಿಕೆ ಮಾಡುವವರ ಕಣ್ಣಿಗೆ ಅದೊಂದು ಬೀಳಬಾರದಿತ್ತೇ?

ಹತ್ತು ರೂಪಾಯಿಯ ನಾಣ್ಯ ತೋರಿಸಿದಾಗ ಒಬ್ಬ ಹುಡುಗ ‘ಇದು ನಡೆಯುವುದಿಲ್ಲ ಅಕ್ಕೋರೇ, ಅಂಗಡಿಯವರು ತೆಗೆದುಕೊಳ್ಳುವುದಿಲ್ಲ’ ಎಂದ. ಅವನು ಹೇಳಿದ್ದು ಸುಳ್ಳಲ್ಲ, ಅಂಗಡಿಯವರು ಮಾಡುವುದು ತಪ್ಪು. ಹದಿನಾಲ್ಕು ವಿನ್ಯಾಸಗಳಲ್ಲಿ ಬಂದಿರುವ ಆ ನಾಣ್ಯಗಳೆಲ್ಲವೂ ಚಲಾವಣೆಯಲ್ಲಿವೆ ಎಂದು ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲೇ ಸ್ಪಷ್ಟಪಡಿಸಿದೆ. ಅಪ್ಪನಿಗೆ ಹೇಳು ಎಂದೆ. ಅಪ್ಪನೇ ಅಂಗಡಿಯವರು ಎಂದ.

ನೋಟುಗಳಿಗೂ ನಿಜವಾದವನ್ನೇ ತಂದೆ. ಐವತ್ತರ ನೀಲಿ ನೋಟಿನ ಹಿಂದೆ ಹಂಪಿಯ ಕಲ್ಲಿನ ರಥ ಇದೆಯಲ್ಲ, ಅದನ್ನು ನೋಡಿ ಪ್ರವಾಸಕ್ಕೆ ಹೋಗಿ ಬಂದಿದ್ದವರು ‘ನಾವು ಇಲ್ಲಿ ನಿಂತು ಫೋಟೋ ತೆಗೆಸಿಕೊಂಡಿದ್ದೆವು’ ಎಂದು ಬೆರಳಿಟ್ಟರು. ಹಿಂಬದಿಯ ಭಾಷೆಗಳ ಪಟ್ಟಿಯಲ್ಲಿ ನಮ್ಮ ಅಕ್ಷರ ಎಷ್ಟನೆಯ ಸಾಲು ಎಂದು ಹುಡುಕಲು ಹಚ್ಚಿದೆ. ನಾಲ್ಕನೆಯದು. ನೂರರ ನೇರಳೆ ನೋಟಿನಲ್ಲಿಯೂ ನಾಲ್ಕೇ, ಹತ್ತರ ಕಂದು ನೋಟಿನಲ್ಲಿಯೂ ನಾಲ್ಕೇ. ಹತ್ತು ನಿಮಿಷ ಸದ್ದಿಲ್ಲ. ಕಿಟ್‌ನ ಆಟಿಕೆ ನೋಟುಗಳಲ್ಲಿ ಆ ಜಾಗದಲ್ಲಿ ಬರಿಯ ಗೀಟು ಎಳೆದಿದ್ದಾರೆ.

ಇನ್ನು ಭಾಷೆ. ಮುಖಪುಟದ್ದು ಬರಿಯ ಪೀಠಿಕೆ. ಇಪ್ಪತ್ತನಾಲ್ಕರಲ್ಲಿ ನಾಲ್ಕು ಕಾರ್ಡುಗಳಲ್ಲಿ ಚಿತ್ರದ ಬದಲು ಮಾತಿನ ಲೆಕ್ಕವಿದೆ. ಒಂದರಲ್ಲಿ ಹೀಗಿದೆ: ‘ಹುಡುಗನು 42 ರೂಪಾಯಿಯ ಪೆನ್ಸಿಲ್ ಪೆಟ್ಟಿಗೆಯನ್ನು ಖರೀದಿಸಿದನು. ಅವನು 50 ರೂಪಾಯಿ ಪಾವತಿಸಿದನು. ಅವನು ಎಷ್ಟು ಬದಲಾವಣೆಯನ್ನು ಪಡೆಯುತ್ತಾನೆ?’ ಮೂವರ ಗುಂಪು ಆ ಕಾರ್ಡಿನ ಮುಂದೆ ಬಹಳ ಹೊತ್ತು ನಿಂತಿತ್ತು. ಏನಾಯಿತು ಎಂದು ಹತ್ತಿರ ಹೋದರೆ ಒಬ್ಬ ಕೇಳಿದ, ‘ಪೆನ್ಸಿಲ್ ಡಬ್ಬಿ ಕೊಂಡರೆ ಹುಡುಗ ಏಕೆ ಬದಲಾಗುತ್ತಾನೆ ಅಕ್ಕೋರೇ?’ ಇಂಗ್ಲಿಷಿನ ‘ಚೇಂಜ್’ಗೆ ಚಿಲ್ಲರೆ ಎಂಬ ಒಂದು ಪದ ಇದೆ ಎಂದು ಗೊತ್ತಿಲ್ಲದವರು ಹಣದ ಆಟ ಮಾಡಿದ್ದಾರೆ! ತಯಾರಕರಿಗೆ ಪತ್ರ ಬರೆದೆ: ನವಿಲಿನ ಕಾರ್ಡು ತಪ್ಪಿದೆ, ‘ಬದಲಾವಣೆ’ ಅಲ್ಲ ‘ಚಿಲ್ಲರೆ’ ಎನ್ನಬೇಕು, ಮುಖಪುಟದ ಹೆಸರು ಕೂಡಲೇ ತೆಗೆಯಬೇಕು. ಮೂರು ದಿನದಲ್ಲಿ ವಿನಯದಿಂದ ಉತ್ತರ ಬಂತು: ‘ಶೀಘ್ರದಲ್ಲಿಯೇ ಬದಲಾವಣೆಯನ್ನು ಮಾಡಲಾಗುವುದು’. ಎಷ್ಟು ಚಿಲ್ಲರೆ ಬರುತ್ತದೋ ಎಂದು ಕಾಯುತ್ತಿದ್ದೇನೆ.

ಪದ ತಿದ್ದಬಹುದು. ನನ್ನ ನಿಜವಾದ ತಕರಾರು ಬೇರೆ. ಚಿಲ್ಲರೆ ಮರಳಿ ಕೊಡುವುದನ್ನು ಈ ಕಿಟ್ ಕಳೆಯುವ ಲೆಕ್ಕ ಎಂದುಕೊಂಡಿದೆ. ಐವತ್ತರಲ್ಲಿ ನಲವತ್ತೆರಡು ಕಳೆ, ದಶಕ ತೆಗೆದುಕೋ, ಎಂಟು ಬರೆ. ಯಾವ ಅಂಗಡಿಯಲ್ಲಿ ಹೀಗೆ ಮಾಡುತ್ತಾರೆ?

ನನ್ನ ಅಪ್ಪನದು ಕಿರಾಣಿ ಅಂಗಡಿ. ಎಂಬತ್ತರ ದಶಕ. ಗಲ್ಲಾಪೆಟ್ಟಿಗೆಯ ಪಕ್ಕದ ಅಕ್ಕಿಮೂಟೆ ನನ್ನ ಸಿಂಹಾಸನ. ಯಾರಾದರೂ ಮೂರು ರೂಪಾಯಿ ಎಪ್ಪತ್ತು ಪೈಸೆಯ ಸಾಮಾನು ಕೊಂಡು ಐದರ ನೋಟು ಕೊಟ್ಟರೆ ಅಪ್ಪ ಕಳೆಯುತ್ತಿರಲಿಲ್ಲ, ಕೂಡಿಸುತ್ತಿದ್ದರು. ಮೊದಲು ಸಾಮಾನಿನ ಪೊಟ್ಟಣ ಮುಂದಿಟ್ಟು ‘ಮೂರು ಎಪ್ಪತ್ತು’ ಎನ್ನುವರು. ಹತ್ತು ಪೈಸೆ ಇಟ್ಟು ‘ಮೂರು ಎಂಬತ್ತು’. ಆರು ಮೂಲೆಯ ಇಪ್ಪತ್ತು ಪೈಸೆ ಇಟ್ಟು ‘ನಾಲ್ಕು’. ಒಂದು ರೂಪಾಯಿ ಇಟ್ಟು ‘ಐದು, ಸರಿಯಾಯಿತಾ ಯಜಮಾನರೇ?’ ಕೊಟ್ಟ ನೋಟಿನ ಮೊತ್ತ ಬಂದಲ್ಲಿಗೆ ಕೈ ನಿಂತಿತು. ಎಷ್ಟು ಮರಳಿ ಕೊಟ್ಟೆ ಎಂದು ಅಪ್ಪನನ್ನು ಕೇಳಿದರೆ ಅವರಿಗೇ ಗೊತ್ತಿರುತ್ತಿರಲಿಲ್ಲ, ಗೊತ್ತಿರುವ ಅಗತ್ಯವೂ ಇರಲಿಲ್ಲ. ಹಲಗೆಯ ಮೇಲೆ ನಾಣ್ಯ ಬೀಳುವ ಸದ್ದಿಗೆ ಕೊಂಡವರೂ ಮನಸ್ಸಿನಲ್ಲಿ ಜೊತೆಗೆ ಎಣಿಸುತ್ತಿದ್ದರು. ಜಗಳಕ್ಕೆ ಜಾಗವೇ ಇರಲಿಲ್ಲ.

ಈ ಏರಿಕೆಯ ಎಣಿಕೆ ಬಾಯಿಗೆ ಬಂದ ಮಗುವಿಗೆ ಮುಂದೆ ಕಳೆಯುವ ಲೆಕ್ಕ ತಾನಾಗಿ ಒಲಿಯುತ್ತದೆ ಎಂಬುದು ನನ್ನ ಅನುಭವ. ಹಾಗಾಗಿ ಆ ನಾಲ್ಕು ಕಾರ್ಡುಗಳನ್ನು ನಾನು ಬಿಳಿ ಹಾಳೆ ಅಂಟಿಸಿ ಹೊಸದಾಗಿ ಬರೆದೆ. ‘42ರ ಡಬ್ಬಿ. 50ರ ನೋಟು. 42ರಿಂದ ಶುರು ಮಾಡಿ 50ರವರೆಗೆ ನಾಣ್ಯ ಇಡು’. ಕಾರ್ಡಿನ ಕೆಳಗೆ ನಿಜವಾದ ನಾಣ್ಯಗಳ ಬಟ್ಟಲು. ಒಬ್ಬರು ಅಂಗಡಿಯವರು, ಒಬ್ಬರು ಗಿರಾಕಿ. ಮೂರು ಒಂದರ ನಾಣ್ಯ, ಒಂದು ಐದು: ‘ನಲವತ್ಮೂರು, ನಲವತ್ನಾಲ್ಕು, ನಲವತ್ತೈದು, ಐವತ್ತು!’ ಕೊನೆಯ ‘ಐವತ್ತು’ ಶಾಲೆಯ ಹೊರಗಿನ ರಸ್ತೆಗೆ ಕೇಳಿಸುತ್ತಿತ್ತು. ಇನ್ನೊಂದು ಜೋಡಿ ನಾಲ್ಕು ಎರಡರ ನಾಣ್ಯ ಇಟ್ಟು ಅಲ್ಲಿಗೇ ಮುಟ್ಟಿತು. ಎರಡೂ ಸರಿ ಎಂದಾಗ ಇಬ್ಬರಿಗೂ ಸ್ವಲ್ಪ ನಿರಾಸೆಯಾಯಿತು, ಒಬ್ಬರಾದರೂ ಸೋಲಬೇಕಿತ್ತಂತೆ.

ಬಟ್ಟಲಿಗೆ ಚಿಲ್ಲರೆ ಹೊಂದಿಸುವುದೇ ಒಂದು ಸಾಹಸ. ಮೊದಲಾದರೆ ಬಸ್ಸಿನಲ್ಲಿ ಕಂಡಕ್ಟರ್ ಟಿಕೆಟ್ಟಿನ ಹಿಂದೆ ಬರೆದುಕೊಟ್ಟ ಬಾಕಿಯನ್ನು ಇಳಿಯುವಾಗ ಕೇಳಿ ಪಡೆದು, ಪರ್ಸಿನ ತುಂಬ ನಾಣ್ಯ ಇರುತ್ತಿತ್ತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನನಗೆ ಶೂನ್ಯ ಮೊತ್ತದ ಟಿಕೆಟ್, ಬಾಕಿಯೂ ಇಲ್ಲ, ನಾಣ್ಯವೂ ಇಲ್ಲ, ಇಳಿಯುವಾಗಿನ ಆ ಸಣ್ಣ ಜಗಳವೂ ಇಲ್ಲ. ಕೊನೆಗೆ ಮಿರ್ಚಿ ಗಾಡಿಯವರೇ ಮೂರು ನೂರು ರೂಪಾಯಿಯಷ್ಟು ಬಿಡಿ ಕಾಸು ಎಣಿಸಿ ಕೊಟ್ಟರು. ಆಟ ಮುಗಿದ ಸಂಜೆ ಮಕ್ಕಳು ಎಣಿಸಿದಾಗ 299 ಇತ್ತು. ಎಲ್ಲರ ಜೇಬನ್ನೂ ಅನುಮಾನಿಸಿದ ಮೇಲೆ ಆ ಒಂದು ರೂಪಾಯಿ ಬಟ್ಟಲ ತಳಕ್ಕೇ ಅಂಟಿಕೊಂಡದ್ದು ಕಂಡಿತು. ಲ್ಯಾಮಿನೇಷನ್ ಕಾರ್ಡಿನ ದಾರಕ್ಕೆ ಹಚ್ಚಿದ್ದ ಗೋಂದು.

ನಮ್ಮ ಶಾಲೆಗಳಲ್ಲಿ ಮಕ್ಕಳ ಸಂತೆ ನಡೆಯುತ್ತದಲ್ಲ, ಮಕ್ಕಳೇ ಸೊಪ್ಪು, ಲಿಂಬೆಹಣ್ಣು, ಮಂಡಕ್ಕಿ ತಂದು ಮಾರುವುದು. ಅದಕ್ಕೆ ಒಂದು ವಾರ ಮೊದಲು ಈ ಆಟ ಆಡಿಸಿದರೆ ಹೆಚ್ಚು ಉಪಯೋಗ. ಸಂತೆಯಲ್ಲಿ ಸಾಮಾನ್ಯವಾಗಿ ಏನಾಗುತ್ತದೆ ಎಂದರೆ ಮಗು ಮುಂದೆ ಕೂತಿರುತ್ತದೆ, ಚಿಲ್ಲರೆ ಎಣಿಸುವವರು ಹಿಂದೆ ನಿಂತ ತಾಯಂದಿರು. ಈ ವರ್ಷ ನಮ್ಮಲ್ಲಿ ತಾಯಂದಿರಿಗೆ ಗೇಟಿನ ಆಚೆ ಕುರ್ಚಿ ಹಾಕಿದ್ದೆವು.

ಹಾಗಾದರೆ ಕೊಳ್ಳಬೇಕೇ? ಕಾಸಿಗೆ ತಕ್ಕ ಕಜ್ಜಾಯ ಎನ್ನುವಂತಿಲ್ಲ. ಆಟದ ಸರಪಳಿಯ ಯೋಚನೆಗೆ ಹದಿನಾರಾಣೆ ಕೊಡುತ್ತೇನೆ, ಮಾಡಿದ ಕೆಲಸಕ್ಕೆ ಎಂಟಾಣೆ, ಕನ್ನಡಕ್ಕೆ ನಾಲ್ಕಾಣೆಯೂ ಇಲ್ಲ. ಅದು 2011ರಲ್ಲಿಯೇ ಚಲಾವಣೆಯಿಂದ ಹೋಯಿತು. ಎರಡು ಸಂಜೆ ಬಿಡುವಿದ್ದರೆ ಹಳೆಯ ಕ್ಯಾಲೆಂಡರಿನ ಹಿಂಬದಿಯನ್ನು ಕತ್ತರಿಸಿ ನೀವೇ ಮಾಡಿಕೊಳ್ಳಬಹುದು, ಇಪ್ಪತ್ತನಾಲ್ಕು ಬೇಡ, ಹನ್ನೆರಡು ಸಾಕು. ನಾಣ್ಯದ ಚಿತ್ರ ಬರೆಯುವ ಬದಲು ಕಾಗದದ ಕೆಳಗೆ ನಾಣ್ಯವಿಟ್ಟು ಮೇಲೆ ಪೆನ್ಸಿಲ್ ತಿಕ್ಕಿ ಅಚ್ಚು ತೆಗೆಯಿರಿ. ಗಾತ್ರವೂ ನಿಜವಾದದ್ದು, ಆ ಕೆಲಸವನ್ನು ಮಕ್ಕಳೇ ಮಾಡುತ್ತಾರೆ. ಬಿಡುವಿಲ್ಲದವರು ಕಿಟ್ಟನ್ನೇ ಕೊಂಡು, ಪ್ಲಾಸ್ಟಿಕ್ ನಾಣ್ಯಗಳನ್ನು ಚೌಕಾಬಾರದ ಕಾಯಿಗಳಿಗೆ ಬಳಸಿಕೊಳ್ಳಿ. ನಮ್ಮಲ್ಲಿ ಈಗ ಅವು ಆ ಕೆಲಸಕ್ಕೇ ಇವೆ.

ಕಳೆದ ವಾರ ಪಕ್ಕದ ಊರಿನ ಶಾಲೆಯ ಮೇಷ್ಟ್ರು ಕಿಟ್ ಎರವಲು ಕೇಳಿದರು. ಲ್ಯಾಮಿನೇಷನ್ ಕಾರ್ಡು, ದಾರ, ಉಳಿದ ಉತ್ತರ ಹಾಳೆ, ಎಲ್ಲ ಕೊಟ್ಟು ಕಳುಹಿಸಿದೆ. ನವಿಲಿನ ಕಾರ್ಡಿನ ಮೇಲೆ ಅಂಟಿಸಿದ್ದ ಚೀಟಿಯ ಚೂರನ್ನು ಮಾತ್ರ ಕಿತ್ತು ಇಟ್ಟುಕೊಂಡಿದ್ದೇನೆ. ಮೊಲದ ವಿಷಯ ಅವರಿಗೆ ಹೇಳಿಲ್ಲ.